ನಾನಾ ಬ್ರೊಬೆ ಆರೋಗ್ಯವಾಗಿದ್ದಾರೆ

ಮಾರ್ಚ್ 4, ಸೋಮವಾರ. ಬೆಳಗ್ಗೆ 7.20

ಮಂತ್ರಿಯ ಮಗಳ ಮದುವೆ ಸುದ್ದಿಗೆ ಮೂರು ಶೀರ್ಷಿಕೆ ಕೊಟ್ಟೆ. ಮೂರನ್ನೂ ಸೆಲಾಸಿ ಹೊಡೆದುಹಾಕಿದ. ಬೆಂಕಿ ಇಲ್ಲವಂತೆ. ಕೊನೆಗೆ ಅವನೇ ಬರೆದ — 'ಈ ಗೌನ್ ನೋಡಿ ಕುಮಾಸಿಯೇ ಬೆಚ್ಚಿಬಿತ್ತು'. ಕುಮಾಸಿ ನಗರ ಬೆಚ್ಚಿಲ್ಲ. ಕಿಟಕಿಯ ಕೆಳಗೆ ವ್ಯಾನ್ ಡ್ರೈವರುಗಳು ಎಂದಿನಂತೆ ಬೈದಾಡಿಕೊಳ್ಳುತ್ತಿದ್ದಾರೆ. ಆದರೆ ಗೋಡೆಯ ಮೇಲಿನ ಪರದೆಯಲ್ಲಿ ಓದುಗರ ಸಂಖ್ಯೆ ಜಿಗಿಯಿತು. ಸುದ್ದಿ ಸೈಟು ಅವನದು, ಬೆಂಕಿಯೂ ಅವನದೇ. ನನ್ನದು ಬರೀ ಸಬ್ ಎಡಿಟರ್ ಕುರ್ಚಿ.

ಗಂಜಿ, ಅಲಸಂದೆ ವಡೆ. ಕೀಬೋರ್ಡ್ ಮೇಲೆ ಎಣ್ಣೆ.

ನಮ್ಮೂರು ಎಸಿಯಾಸೆಯ ಅರಮನೆಯಿಂದ ಹೇಳಿಕೆ ಬಂತು. ನಾನಾ ಬ್ರೊಬೆ ಎಂಬ ಹೆಸರಿನ ಹಿಂದೆ ಮುಂದೆ ಅಷ್ಟೊಂದು ಬಿರುದು ನೋಡಿದಾಗಲೆಲ್ಲ ನನಗೆ ನಗು. ಅಮ್ಮನ ಅಣ್ಣ. ನನ್ನ ಹಾಲುಹಲ್ಲು ಕಿತ್ತವರು. ಇಪ್ಪತ್ತೊಂಬತ್ತು ವರ್ಷದಿಂದ ಊರ ಒಡೆಯ, ಊರಿಗೆಲ್ಲ 'ನಾನಾ'. ಒಡೆಯರು ಜನರೆದುರು ಬಾಯಿ ಬಿಡುವ ಹಾಗಿಲ್ಲ. ಅವರು ಪಿಸುಗುಡುತ್ತಾರೆ, ಚಿನ್ನದ ತಲೆಯ ಕೋಲು ಹಿಡಿದ ಅಮನ್‌ಕ್ವಾ ಅದನ್ನು ಗಟ್ಟಿಯಾಗಿ ಹೇಳುತ್ತಾನೆ. ಈಗ ಕೋಲಿನ ಜೊತೆ ಅವನಿಗೆ ವಾಟ್ಸಾಪೂ ಇದೆ.

ಹೇಳಿಕೆ ಹಳೆಯದೇ — ಅಸುಫಿರಿ ಹೊಳೆಯ ದಂಡೆಯಲ್ಲಿ ಒಂದು ಹಿಡಿ ಮಣ್ಣನ್ನೂ ಚಿನ್ನದ ಗಣಿಗೆ ಕೊಡುವುದಿಲ್ಲ. ಹಾಕಿದೆ. ಓದಿದವರು ಇನ್ನೂರ ಹನ್ನೆರಡು ಜನ.

ಮಾವ ಆಸ್ಪತ್ರೆ ಸೇರಿ ಮೂರು ವಾರ. ಅರಮನೆಯ ಭಾಷೆಯಲ್ಲಿ 'ವಿಶ್ರಾಂತಿ'. ಸೆಲಾಸಿ ಆ ಬಗ್ಗೆ ಕೇಳುವುದೂ ಇಲ್ಲ. ಎರಡು ವರ್ಷದ ಹಿಂದೆ ಸೊಂಟದ ಆಪರೇಷನ್‌ಗೆ ಹೋಗಿದ್ದ ಮಾವನನ್ನು ನಮ್ಮ ಸೈಟು ಸಾಯಿಸಿಬಿಟ್ಟಿತ್ತು. ಆಸ್ಪತ್ರೆ ವರಾಂಡದಲ್ಲಿ ಯಾರೋ ಅತ್ತಿದ್ದನ್ನು ಕೇಳಿ ನಮ್ಮ ರಿಪೋರ್ಟರ್ ಓಡಿ ಬಂದಿದ್ದ. ಸೆಲಾಸಿ ಎರಡು ಕುರಿ, ಜಿನ್ ಬಾಟಲಿ ಹೊತ್ತುಕೊಂಡು ಅರಮನೆಗೆ ಹೋಗಿ ಮಂಡಿಯೂರಿದ. ಮಾವ ಪಿಸುಗುಟ್ಟಿದರು. ಕುರಿ ಬಡಕಲಾಯಿತು, ನನ್ನ ಸಾವಿಗೆ ಇಷ್ಟೇ ಬೆಲೆಯಾ ಎಂದು ನಾನಾ ಕೇಳುತ್ತಿದ್ದಾರೆ ಎಂದ ಅಮನ್‌ಕ್ವಾ. ಅಂಗಳವೆಲ್ಲ ನಕ್ಕಿತು. ಅವತ್ತಿನಿಂದ ಸೆಲಾಸಿ ಮೇಜಿನ ಹಿಂದೆ ಒಂದು ಚೀಟಿ — ಅರಮನೆ ಸಾರದೆ ಯಾವ ಒಡೆಯನೂ ಸಾಯಕೂಡದು.

ಮಾರ್ಚ್ 7, ಗುರುವಾರ

ಹನ್ನೊಂದೂವರೆಗೆ ಅಮ್ಮನ ಫೋನ್. ಫುಟ್‌ಬಾಲ್ ಆಟಗಾರನೊಬ್ಬನ ಮೂರನೇ ಕಾರಿನ ಸುದ್ದಿ ಅರ್ಧ ಆಗಿತ್ತು.

ಊಟ ಆಯಿತಾ ಎಂದಳು. ಇಲ್ಲ ಎಂದೆ. "ನಿಮ್ಮ ಮಾವ ಹಳ್ಳಿಗೆ ಹೋದ್ರು" ಎಂದಳು.

ನಮ್ಮಲ್ಲಿ ಒಡೆಯರು ಸಾಯುವುದಿಲ್ಲ. ಹಳ್ಳಿಗೆ ಹೋಗುತ್ತಾರೆ. ಯಾವಾಗ ಎಂದೆ. ನಿನ್ನೆ ಬೆಳಗ್ಗೆ, ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಶಾಲೆ ಮಕ್ಕಳು ಹೊರಟಿದ್ದ ಹೊತ್ತು. ನಿನಗೆ ಹೇಳಿದ್ದೇ ತಪ್ಪು, ಕೆಲಸ ನೋಡಿಕೋ ಎಂದು ಇಟ್ಟುಬಿಟ್ಟಳು.

ಕಾರಿನ ಸುದ್ದಿ ಮುಗಿಸಿದೆ. ಬಣ್ಣ ಬಿಳಿ ಎಂದು ಬರೆದಿದ್ದೆನಂತೆ, ಅದು ಕೆಂಪು. ಸೆಲಾಸಿ ಬೈದ. ಬೈಸಿಕೊಳ್ಳುವಾಗ ಕಣ್ಣು ತುಂಬಿತು, ಅದಕ್ಕೊಂದು ಕಾರಣ ಸಿಕ್ಕಿತಲ್ಲ ಎಂದು ಸಮಾಧಾನ.

ಮಾರ್ಚ್ 8, ಶುಕ್ರವಾರ. ಎಸಿಯಾಸೆ

ರಜೆ ಹಾಕಿ ಬಂದೆ. ಅಮ್ಮ ಮನೆಯಲ್ಲಿಲ್ಲ, ಸಂತೆಯಲ್ಲಿ. ಹಸಿರು ಹೂವಿನ ಬಟ್ಟೆ ಸುತ್ತಿಕೊಂಡು ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದಾಳೆ. ಎಂದಿಗಿಂತ ಜೋರು ದನಿ. ಸೂತಕದ ಕಪ್ಪು ಉಡುವ ಹಾಗಿಲ್ಲ, ಕೆಂಪು ಉಡುವ ಹಾಗಿಲ್ಲ, ತಲೆ ಬೋಳಿಸುವ ಹಾಗಿಲ್ಲ, ಒಂದು ಹೊತ್ತು ಉಪವಾಸ ಇದ್ದರೂ ಪಕ್ಕದ ಮನೆಯವಳು ಕೇಳುತ್ತಾಳೆ. ನನ್ನ ಮುಖ ನೋಡಿದವಳೇ ಹತ್ತಿರ ಬಂದು, "ಕಣ್ಣಿಗೆ ಧೂಳು ಬಿತ್ತು ಅನ್ನು" ಎಂದಳು.

ಬಿತ್ತು ಎಂದೆ, ಕೇಳದವರಿಗೂ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೇಳಿದಳು. ಮಾವನ ದೇಹ ತೊಳೆದವರು ಮೂವರು — ಅಮ್ಮ, ಅವಳ ಅಕ್ಕ, ಇನ್ನೊಬ್ಬ ಮುದುಕಿ. ತೊಳೆದ ಕೈಯಲ್ಲೇ ಅರಮನೆಯ ಹಿರಿಯರು ಆಣೆ ಹಾಕಿಸಿಕೊಂಡರಂತೆ. ಬಾಯಿ ಬಿಟ್ಟವಳು ಮನೆತನಕ್ಕೆ ಹೊರಗೆ, ಸತ್ತರೂ ಮನೆತನದ ನೆಲದಲ್ಲಿ ಜಾಗವಿಲ್ಲ. ಮೇಲಿನ ಅರಸರಿಗೆ ಕ್ರಮವಾಗಿ ತಿಳಿಸಬೇಕು, ಪೀಠಕ್ಕೆ ಮುಂದಿನವರನ್ನು ಗೊತ್ತುಮಾಡಬೇಕು. ಅಲ್ಲಿಯವರೆಗೆ ಊರಿಗೆ ತಲೆಯಿಲ್ಲ ಎಂದು ಯಾರಿಗೂ ಗೊತ್ತಾಗಬಾರದು. ತಿಂಗಳು ಹಿಡಿಯಬಹುದು, ವರ್ಷವೂ ಹಿಡಿಯಬಹುದು. ದೇಹ ದೂರದ ಊರೊಂದರ ಶೀತಲ ಕೋಣೆಯಲ್ಲಿದೆ, ಯಾರೋ ರೈತನ ಹೆಸರಿನಲ್ಲಿ.

ಅರಮನೆ ಮುಂದೆ ಹಾದುಬಂದೆ. ಅಮನ್‌ಕ್ವಾ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ನಾನಾ ಮಲಗಿದ್ದಾರೆ ಎನ್ನುತ್ತಿದ್ದ. ನನಗೂ ಅದನ್ನೇ ಹೇಳಿದ. ಎದ್ದ ಮೇಲೆ ಬಂದಿದ್ದೆ ಎಂದು ತಿಳಿಸಿ ಎಂದೆ. ನಾನೂ ಕಲಿತುಬಿಟ್ಟೆ.

ಮಾರ್ಚ್ 19, ಮಂಗಳವಾರ. ಬೆಳಗ್ಗೆ 8.05

ಅರಮನೆಯಿಂದ ಹೇಳಿಕೆ. ಮುದ್ರೆ ಇದೆ, ಬಿರುದೆಲ್ಲ ಇದೆ. ದೀರ್ಘವಾಗಿ ಆಲೋಚಿಸಿದ ನಾನಾ ಬ್ರೊಬೆ, ಊರಿನ ಯುವಕರ ಭವಿಷ್ಯದ ದೃಷ್ಟಿಯಿಂದ, ಹೊಳೆದಂಡೆಯ ಜಮೀನನ್ನು ಗಣಿ ಕಂಪನಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಏಪ್ರಿಲ್ 12ಕ್ಕೆ ಒಪ್ಪಂದ.

ಮೂರು ಸಲ ಓದಿದೆ. ಹದಿಮೂರು ದಿನದ ಹಿಂದೆ ಹೋದವರು ದೀರ್ಘವಾಗಿ ಆಲೋಚಿಸಿದ್ದಾರೆ.

8.40

ಅಮನ್‌ಕ್ವಾಗೆ ಫೋನ್ ಮಾಡಿದೆ. ಮೆಟ್ಟಿಲ ಕೆಳಗೆ ನಿಂತು, ದನಿ ತಗ್ಗಿಸಿ. ಈ ಮಾತು ಯಾವಾಗ ಹೇಳಿದರು ಎಂದೆ.

"ನಾನಾ ಹೇಳಿದ್ದನ್ನ ನಾನು ಹೇಳ್ತೀನಿ ಮಗಳೇ. ನೀನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಅದೇ ನನ್ನ ಕೆಲಸ."

"ಯಾವಾಗ ಹೇಳಿದ್ರು ಅಂತ ಕೇಳಿದೆ, ತಾತ."

"ಯಾಕೆ? ನಾನಾ ಹೇಳೋ ಸ್ಥಿತೀಲಿ ಇಲ್ವಾ? ಎಲ್ಲಿದ್ದಾರೆ ನಾನಾ? ನೀನೇ ಹೇಳು, ಕೇಳ್ತೀನಿ."

ಕಾಯುತ್ತಿದ್ದ, ಆರಾಮವಾಗಿ. ನಾನು ಆ ಒಂದು ಮಾತು ಆಡಿದರೆ ನನಗೆ ಹೇಳಿದವರು ಯಾರು ಎಂದು ಹುಡುಕುತ್ತಾರೆ. ಹುಡುಕುವುದಕ್ಕೆ ಮೂವರೇ ಇರುವುದು. ಅಮ್ಮನಿಗೆ ನಮಸ್ಕಾರ ಹೇಳು ಎಂದು ಅವನೇ ಇಟ್ಟ.

ಪಾಪಿ. ಮೊನ್ನೆ ಮೊನ್ನೆವರೆಗೆ ಮಾವನ ಎಂಜಲು ತಟ್ಟೆಯಲ್ಲಿ ತಿಂದವನು.

ಮಧ್ಯಾಹ್ನ 2.00

ನಾನು ಮೆಟ್ಟಿಲ ಕೆಳಗಿದ್ದಾಗಲೇ ಸೆಲಾಸಿ ಹಾಕಿಬಿಟ್ಟಿದ್ದ. 'ನಾನಾ ಬ್ರೊಬೆ ಉಲ್ಟಾ!' ಅರವತ್ತು ಸಾವಿರ ಜನ ಓದಿದ್ದಾರೆ. ಹೊಳೆ ಉಳಿಸುತ್ತೇನೆಂದಾಗ ಇನ್ನೂರ ಹನ್ನೆರಡು.

ಕಾಮೆಂಟುಗಳನ್ನು ಸೋಸುವುದು ನನ್ನ ಕೆಲಸ. ಮುದುಕನ ಹೊಟ್ಟೆಗೆ ಎಷ್ಟು ಬಿತ್ತೋ. ಆ ಕೆಸರಿನಲ್ಲೇ ಇವನನ್ನು ಮುಳುಗಿಸಿ. ಇವನು ಸತ್ತರೆ ಕೋಳಿ ಕುಯ್ಯುತ್ತೇನೆ. ಒಂದೊಂದನ್ನೇ ಅಳಿಸಿದೆ. ನೂರಾ ನಲವತ್ತಾದ ಮೇಲೆ ಸೆಲಾಸಿ ಬಂದು, ಬೈಗುಳ ಅಳಿಸಿದರೆ ಟ್ರಾಫಿಕ್ ಎಲ್ಲಿಂದ ಬರುತ್ತದೆ, ನಿಮ್ಮ ಮಾವ ಎಂದು ಪಕ್ಷಪಾತ ಮಾಡಬೇಡ ಎಂದ. ಆಫೀಸಿನಲ್ಲಿ ನೆಂಟಸ್ತಿಕೆ ಗೊತ್ತಿರುವುದು ಅವನೊಬ್ಬನಿಗೇ. ಕೈ ಕಟ್ಟಿ ಕೂತು ಓದಿದೆ.

ಮಾರ್ಚ್ 21

ಅಮ್ಮನಿಗೆ ಹೇಳಿದೆ. ಅವಳಿಗೆ ಮೊದಲೇ ಗೊತ್ತು, ಅರಮನೆಯ ವ್ಯಾನು ಮೈಕ್ ಕಟ್ಟಿಕೊಂಡು ಸಾರಿದೆಯಂತೆ. ಬರೆದುಬಿಡುತ್ತೇನೆ ಎಂದೆ. ನನ್ನ ಹೆಣ ಎಲ್ಲಿ ಹೂಳುತ್ತೀಯ, ಕುಮಾಸಿಯ ಬಸ್ ಸ್ಟ್ಯಾಂಡಿನಲ್ಲಾ ಎಂದು ಕೇಳಿದಳು.

ಏಪ್ರಿಲ್ 2, ಮಂಗಳವಾರ. ಎಸಿಯಾಸೆ

ಹನ್ನೆರಡು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಮಾಡಲಿಲ್ಲ. ಪಾದ್ರಿಯ ವಿಚ್ಛೇದನ, ನಟಿಯ ತೂಕ, ಸಂಸದನ ನಿದ್ದೆ.

ಇವತ್ತು ಅಮ್ಮನ ಜೊತೆ ಹೊಳೆದಂಡೆಗೆ ಹೋದೆ. ಗೂಟ ನೆಟ್ಟಿದ್ದಾರೆ. ಕೋಕೋ ಗಿಡಗಳ ಬೊಡ್ಡೆಗೆ ಕೆಂಪು ಬಣ್ಣದ ಗೆರೆ. ಕೆಳಗಿನ ಊರಿನ ಹೊಳೆಯನ್ನು ನಾನು ನೋಡಿದ್ದೇನೆ — ಕದಡಿದ ಕೋಕೋ ಹಾಲಿನ ಬಣ್ಣ, ಮೀನಿಲ್ಲ, ಬಟ್ಟೆ ಒಗೆದರೆ ಬಟ್ಟೆಯೇ ಕೊಳೆ. ಇಲ್ಲಿ ಇನ್ನೂ ತಳದ ಕಲ್ಲು ಕಾಣುತ್ತದೆ. ಹೆಂಗಸರು ಕೊಡ ಮುಳುಗಿಸುತ್ತಿದ್ದರು. ಒಬ್ಬಳು ನಮ್ಮನ್ನು ನೋಡಿ ಉಗುಳಿದಳು. ಅಮ್ಮನ ಕಾಲಿನಿಂದ ಗೇಣು ದೂರ. ಒಡೆಯನ ತಂಗಿ ಅಲ್ಲವಾ.

ಅಮ್ಮ ಮನೆಗೆ ಬಂದು ಬೇಯಿಸಿದ ಗೆಣಸು ಒರಳಿಗೆ ಹಾಕಿ ಕುಟ್ಟಲು ಕೂತಳು. ನಾನು ಒರಳಿಗೆ ಕೈ ಹಾಕಿ ತಿರುವಿಕೊಡುತ್ತಿದ್ದೆ.

"ನೀನು ಕೇಳ್ಬೇಡ, ನಾನು ಹೇಳಲ್ಲ" ಎಂದಳು. "ನನ್ನ ಪಾಡಿಗೆ ನಾನು ಗೊಣಗ್ತೀನಿ. ವಯಸ್ಸಾಯ್ತು."

ಒನಕೆಯ ಒಂದೊಂದು ಏಟಿಗೆ ಒಂದೊಂದು ಮಾತು. ಮಾರ್ಚ್ ಆರು. ಎಂಟು ಗಂಟೆಗೆ ಹತ್ತು ನಿಮಿಷ ಇತ್ತು. ಆಸ್ಪತ್ರೆಯ ಎರಡನೇ ಮಹಡಿ. ಕೊನೆಗೆ ನೀರು ಕೇಳಿದ. ಎಡಗಾಲಿನ ಬೆರಳು ನೆಟ್ಟಗೆ ಮಾಡಲು ಆಗಲಿಲ್ಲ. ಅಳುತ್ತಿರಲಿಲ್ಲ, ಮುಖವೆಲ್ಲ ಬೆವರು.

ಕುಟ್ಟಿ ಮುಗಿದ ಮೇಲೆ ಹೇಳಿದಳು: "ಇದ್ದಾಗ ಅವನ ಮಾತು ಅಮನ್‌ಕ್ವಾ ಬಾಯಲ್ಲಿತ್ತು. ಹೋದ ಮೇಲೂ ಅಲ್ಲೇ ಇರ್ಬೇಕಾ?"

ಉಂಡೆವು. ಬಹಳ ದಿನದ ಮೇಲೆ ಹೊಟ್ಟೆ ತುಂಬಾ.

ಏಪ್ರಿಲ್ 8, ಸೋಮವಾರ

ಸೆಲಾಸಿಗೆ ಹೇಳಿದೆ. ಕುರಿಯ ನೆನಪಾಗಿ ಅವನ ಮುಖ ಸಣ್ಣಗಾಯಿತು. ಬೆನ್ನ ಹಿಂದಿನ ಚೀಟಿ ತೋರಿಸಿದ. ಈ ಸಲ ನಿಜ ಎಂದೆ. ಹೋದ ಸಲವೂ ನಿಜವೇ ಎಂದಿದ್ದರು ಎಂದ. ದಿನ, ಗಂಟೆ, ಮಹಡಿ ಹೇಳಿದೆ. ಯಾರು ಹೇಳಿದರು ಎಂದು ಕೇಳಲಿಲ್ಲ, ಅಷ್ಟು ಮರ್ಯಾದೆ ಇದೆ ಅವನಿಗೆ.

ತುಂಬಾ ಹೊತ್ತು ಪೆನ್ನು ಕಚ್ಚಿಕೊಂಡು ಕೂತ. ಅಳೆಯುತ್ತಿದ್ದ — ಒಂದು ಕಡೆ ಕೋರ್ಟು, ಇನ್ನೊಂದು ಕಡೆ ದೇಶದಲ್ಲೇ ಮೊದಲು ಎಂಬ ಗರಿ. ಗರಿ ಗೆದ್ದಿತು. ಹೊಳೆಯ ಹೆಸರು ಇಬ್ಬರೂ ಎತ್ತಲಿಲ್ಲ.

ಏಪ್ರಿಲ್ 9, ಮಂಗಳವಾರ. ಬೆಳಗ್ಗೆ 5.50

ಹಾಕಿದೆವು. 'ನಾನಾ ಬ್ರೊಬೆ ನಿಧನರಾಗಿ ತಿಂಗಳು: ಗಣಿಗೆ ಒಪ್ಪಿದವರು ಯಾರು?' ಶೀರ್ಷಿಕೆ ನನ್ನದೇ. ಒಂದಕ್ಷರ ಬದಲಿಸಲಿಲ್ಲ ಸೆಲಾಸಿ.

ಮನಸ್ಸು ಹಗುರ. ಮಾವ ಸತ್ತರು ಎಂದು ಮೊದಲ ಸಲ ಬರೆದೆ.

6.45

ನಲವತ್ತು ಸಾವಿರ. ರೇಡಿಯೋದವರು ಫೋನ್ ಮಾಡುತ್ತಿದ್ದಾರೆ.

7.30

ಕಾಮೆಂಟುಗಳು. ಮತ್ತೆ ಸಾಯಿಸಿದರಾ? ಪಾಪ, ಎರಡನೇ ಸಲ. ನಾನಾ, ಈ ಸಲ ದಪ್ಪ ಕುರಿ ಕೇಳಿ. ಸಾವಿರಾರು ನಗುವ ಮುಖ. ಹಳೆಯ ಸುಳ್ಳು ಸುದ್ದಿಯ ಸ್ಕ್ರೀನ್‌ಶಾಟನ್ನು ಇದರ ಪಕ್ಕ ಅಂಟಿಸಿ ಹಂಚುತ್ತಿದ್ದಾರೆ.

9.10

ಅರಮನೆ ವಿಡಿಯೋ ಬಿಟ್ಟಿದೆ. ದೊಡ್ಡ ಕೊಡೆಯ ಕೆಳಗೆ ಮಾವ, ಕೈ ಬೀಸುತ್ತಿದ್ದಾರೆ, ನಗುತ್ತಿದ್ದಾರೆ. ಹೋದ ವರ್ಷದ ಹಬ್ಬದ್ದು. ಆ ಬಟ್ಟೆ ನನಗೆ ಗೊತ್ತು, ಅವತ್ತು ಅಂಚು ಹೊಲಿದುಕೊಟ್ಟವಳು ನಾನು. ಯಾರಿಗೆ ಹೇಳಲಿ. ಎರಡು ನಿಮಿಷದ ವಿಡಿಯೋ, ನಾಲ್ಕು ಸಲ ನೋಡಿದೆ. ಬೇರೇನಕ್ಕೂ ಅಲ್ಲ. ನೋಡಬೇಕು ಅನ್ನಿಸಿತು.

11.00

ಸುದ್ದಿಗಳ ಸತ್ಯಾಸತ್ಯ ನೋಡುವ ಪುಟವೊಂದು ನಮ್ಮ ಸುದ್ದಿಯ ಮೇಲೆ ಅಡ್ಡಲಾಗಿ ಕೆಂಪು ಮುದ್ರೆ ಒತ್ತಿದೆ — ಸುಳ್ಳು. ಆಸ್ಪತ್ರೆಯನ್ನು ಕೇಳಿದರಂತೆ, ಆ ಹೆಸರಿನ ಮರಣ ದಾಖಲೆ ಇಲ್ಲವಂತೆ. ಇಲ್ಲ ನಿಜ. ರೈತನ ಹೆಸರಿದೆ. ಒಳ್ಳೆಯ ಹುಡುಗಿಯರು ನಡೆಸುವ ಪುಟ ಅದು, ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ. ಅವರಿಗೆ ಫೋನ್ ಮಾಡಿದೆ. ದಾಖಲೆ ಕಳಿಸಿ ಅಕ್ಕಾ ಎಂದರು ವಿನಯದಿಂದ.

12.30

ರೇಡಿಯೋದಲ್ಲಿ ಅಮನ್‌ಕ್ವಾ. ನಿರೂಪಕ ನಗು ತಡೆದುಕೊಂಡು, ನಾನಾ ಈ ಸುದ್ದಿ ಓದಿದರಾ ಎಂದು ಕೇಳಿದ. ಅಮನ್‌ಕ್ವಾ ಎಷ್ಟು ಹೊತ್ತಿಗೆ ಎಷ್ಟು ಸುಮ್ಮನಿರಬೇಕು ಎಂದು ಬಲ್ಲವನು. ಸುಮ್ಮನಿದ್ದ. ಆಮೇಲೆ, "ಓದಿದ್ರು. ಮೂಗು ಮುಟ್ಟಿ ನೋಡ್ಕೊಂಡ್ರು" ಎಂದ.

ನಗು, ನಗು, ಹಾಡು, ಜಾಹೀರಾತು.

ಏಪ್ರಿಲ್ 10, ಬುಧವಾರ

ಸೆಲಾಸಿಯನ್ನು ಪೊಲೀಸರು ಕರೆಸಿ ಐದು ಗಂಟೆ ಕೂರಿಸಿಕೊಂಡರು. ಸುಳ್ಳು ಸುದ್ದಿ ಹಬ್ಬಿಸಿ ಶಾಂತಿ ಕದಡಿದ್ದು. ಮರಳಿ ಬಂದವನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದ, ವಾಪಸ್ ತಗೊಳ್ಳೋಣ.

ಆಗಲ್ಲ ಎಂದೆ. ಜೈಲಿಗೆ ನಾನೇ ಹೋಗುತ್ತೇನೆ ಎಂದೆ. ಸಿನಿಮಾದವಳ ಹಾಗೆ ಎದೆಯೆಲ್ಲ ಉಬ್ಬಿತ್ತು.

ಸಂಜೆ ನಾಲ್ಕಕ್ಕೆ ಅಮನ್‌ಕ್ವಾ ಫೋನ್. ಬೈಯಲಿಲ್ಲ. ದನಿಯಲ್ಲಿ ತಾತನ ಅಕ್ಕರೆ. ಇವತ್ತು ಹಿರಿಯರು ಕೂತಿದ್ದರಂತೆ. ಊರಿನ ಮರ್ಯಾದಸ್ಥ ಹೆಂಗಸರು ಮೂವರನ್ನು ಕರೆಸಿ, ಪೀಠದ ಮುಂದೆ ಕೋಳಿ ಕುಯ್ದು ಆಣೆ ಮಾಡಿಸೋಣ ಎಂದು ಕೆಲವರು ಹಟ ಹಿಡಿದರಂತೆ. ನಾನೇ ತಡೆದೆ ಎಂದ.

"ಸುಳ್ಳು ಸುದ್ದಿ ಅಂತ ಆದ್ರೆ, ಯಾರೂ ಏನೂ ಹೇಳಿಲ್ಲ ಅಂತಾಯ್ತಲ್ಲ ಮಗಳೇ. ಹೇಳೋಕೆ ಏನಿತ್ತು? ನಿಮ್ಮಮ್ಮ ಸುಳ್ಳು ಆಣೆ ಮಾಡೋಳಲ್ಲ. ಅವಳನ್ನ ಯಾಕೆ ಅಲ್ಲಿ ನಿಲ್ಲಿಸ್ತೀಯ?"

ಅವನು ಹೇಳಿದ್ದು ಸರಿ. ಅಮ್ಮ ಪೀಠದ ಮುಂದೆ ಸುಳ್ಳು ಹೇಳುವವಳಲ್ಲ. ನಿಂತರೆ ನಿಜ ಹೇಳುತ್ತಾಳೆ, ಹೇಳಿ ಹೊರಗೆ ಬೀಳುತ್ತಾಳೆ.

ಉಬ್ಬಿದ್ದ ಎದೆ ಎಲ್ಲಿ ಹೋಯಿತೋ.

ಏಪ್ರಿಲ್ 11, ಗುರುವಾರ. ಬೆಳಗ್ಗೆ 9.00

ಕ್ಷಮಾಪಣೆ ಬರೆದೆ. ನಾಲ್ಕು ಸಾಲು. ತಪ್ಪು ಮಾಹಿತಿ, ವಿಷಾದ, ನಾನಾ ಆರೋಗ್ಯವಾಗಿದ್ದಾರೆ, ದೀರ್ಘಾಯುಷ್ಯ.

9.40

ಅರಮನೆಗೆ ಸಾಲದಂತೆ. ಜೀವ ಇಲ್ಲ ಎಂದ ಅಮನ್‌ಕ್ವಾ. ಆ ಪದವನ್ನೇ ಬಳಸಿದ. ಓದಿದವರಿಗೆ ನಾನಾ ಕಣ್ಣಿಗೆ ಕಟ್ಟಬೇಕು, ಭೇಟಿ ಮಾಡಿ ಬಂದವಳ ಹಾಗೆ ಬರಿ, ನೀನು ಮನೆಯ ಹುಡುಗಿ ಎಂದ.

11.30

ಬರೆದೆ. ಬೆಳಗ್ಗೆ ಅಂಗಳದಲ್ಲಿ ಕೂತಿದ್ದರು ಎಂದು ಬರೆದೆ. ಒಂದು ಚಪ್ಪಲಿ ಕಾಲಿನಲ್ಲಿ, ಇನ್ನೊಂದು ಕುರ್ಚಿಯ ಕೆಳಗೆ. ಸುಟ್ಟ ಬಾಳೆಕಾಯಿ, ಹುರಿದ ಕಡಲೆಬೀಜ. ಬೀಜದ ಸಿಪ್ಪೆಯನ್ನು ಉಫ್ ಎಂದು ಊದಿ ಪಕ್ಕದವರ ಬಟ್ಟೆಯ ಮೇಲೆ ಹಾರಿಸಿ ಗೊತ್ತಿಲ್ಲದವರಂತೆ ಕೂತರು. ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ, ಸೋಲುವ ತಂಡಕ್ಕೆ ಬೈಗುಳ. ಸೊಂಟದ ನೋವು ಕೇಳಿದರೆ, ಅದು ನನಗಿಂತ ಚೆನ್ನಾಗಿದೆ ಎಂದರು. ಹೊರಡುವಾಗ ನನ್ನ ಗಲ್ಲ ಹಿಡಿದು ಹಲ್ಲು ಎಣಿಸಿದರು.

ಎಲ್ಲ ನಿಜ. ಒಂದೂ ಇವತ್ತಿನದಲ್ಲ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ಕೊನೆಯ ಪ್ಯಾರಾ ಅಮನ್‌ಕ್ವಾ ಹೇಳಿ ಬರೆಸಿದ್ದು — ಗಣಿಗೆ ನಾನಾ ಅವರ ಆಶೀರ್ವಾದ.

ಸೆಲಾಸಿ ಓದಿ ಕಣ್ಣೊರೆಸಿಕೊಂಡ. ಆಮೇಲೆ ಹಾಕಿದ.

ಏಪ್ರಿಲ್ 12, ಶುಕ್ರವಾರ

ಒಪ್ಪಂದವಾಯಿತು. ಫೋಟೋ ಬಂದಿದೆ. ಕಾಗದದ ಕೆಳಗೆ ನೀಲಿ ಹೆಬ್ಬೆಟ್ಟು. ಯಾರದೋ.

ಫೋಟೋಗೆ ಅಡಿಬರಹ ಕೊಟ್ಟೆ.

ಏಪ್ರಿಲ್ 15, ಸೋಮವಾರ. ಮಧ್ಯಾಹ್ನ 1.15

ಅಗೆಯುವ ಯಂತ್ರಗಳು ಶನಿವಾರವೇ ಇಳಿದಿವೆ. ನೀರು ಕೆಂಪಾಗಲು ಒಂದು ದಿನ ಸಾಕಾಯಿತಂತೆ. ನಮ್ಮ ಸೈಟಿನಲ್ಲಿ ಆ ಸುದ್ದಿ ಇಲ್ಲ, ಎರಡು ಸಲ ಸುಟ್ಟುಕೊಂಡ ಕೈ. ಬೇರೆಯವರದ್ದರಲ್ಲೂ ಇಲ್ಲ. ನನ್ನ ಕ್ಷಮಾಪಣೆ ಈ ವರ್ಷ ಅತಿ ಹೆಚ್ಚು ಜನ ಓದಿದ ಬರಹ. ನಾನಾ ಜೊತೆ ಒಂದು ಬೆಳಗು ಎಂದು ವಾರ ವಾರ ಕೊಡು ಎಂದು ಅರಮನೆ ಕೇಳಿದೆಯಂತೆ. ಸೆಲಾಸಿ ನನ್ನ ಮುಖ ನೋಡದೆ ಹೇಳಿದ.

ಈಗ ತಾನೇ ಅಮ್ಮ ಫೋನ್ ಮಾಡಿದ್ದಳು. ಗುರುವಾರ ಪಕ್ಕದ ಮನೆಯ ಟೀಚರಮ್ಮನ ಕೈಲಿ ಓದಿಸಿಕೊಂಡಳಂತೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಸಿಪ್ಪೆ ಊದಿದ್ದು ಬರೆದಿದ್ದೀಯಲ್ಲ... ಒಂದು ಗಳಿಗೆ ನಂಬಿಬಿಟ್ಟೆ ಕಣೇ ಅಚಿಯಾ. ಈ ಕೈಯಲ್ಲಿ ತೊಳೆದವಳು ನಾನು, ಆದ್ರೂ ನಂಬಿಬಿಟ್ಟೆ."

ಶುಕ್ರವಾರ ಬೆಳಗ್ಗೆ ಬಾಳೆಕಾಯಿ ಸುಟ್ಟು, ತಟ್ಟೆಗೆ ಬಟ್ಟೆ ಮುಚ್ಚಿ ಅರಮನೆಗೆ ಒಯ್ದಳಂತೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಅಣ್ಣನಿಗೆ ಎಂದು ಹೇಳಿದಳಂತೆ. ಅಮನ್‌ಕ್ವಾ ಬಾಗಿಲಲ್ಲೇ ತಟ್ಟೆ ಇಸಿದುಕೊಂಡ. ಮಧ್ಯಾಹ್ನ ಖಾಲಿ ತಟ್ಟೆ ತೊಳೆದು ವಾಪಸ್ ಕಳಿಸಿದ, ನಾನಾ ಚೆನ್ನಾಗಿತ್ತು ಎಂದರು ಎಂದು ಹೇಳಿ ಕಳಿಸಿದ. ಶನಿವಾರವೂ ಒಯ್ದಳು. ನಿನ್ನೆಯೂ. ಇವತ್ತೂ.

"ಅಷ್ಟೂ ತಿಂದಿದ್ದಾನೆ ನೋಡು" ಎಂದಳು. ದನಿ ಹಗುರವಾಗಿತ್ತು, ಎಷ್ಟೋ ದಿನದ ಮೇಲೆ. "ಆಸ್ಪತ್ರೇಲಿ ಏನೂ ಸೇರ್ತಿರ್ಲಿಲ್ಲ ಅವನಿಗೆ."

ನಾನು ಹೂಂ ಎಂದೆ. ನಾಳೆಗೆ ಹಣ್ಣಾಗದ ಕಾಯಿ ಹುಡುಕಬೇಕು, ಸಂತೆಗೆ ಹೊರಟೆ ಎಂದು ಇಟ್ಟಳು.

ಮತ್ತೆ ಫೋನ್ ಮಾಡಬೇಕು. ಈಗಲೇ. ಅವಳು ಸಂತೆ ತಲುಪುವ ಮೊದಲು. ಆ ಮಾತನ್ನು ಅವಳಿಗೆ ನಾನಲ್ಲದೆ ಇನ್ನು ಯಾರು ಹೇಳುತ್ತಾರೆ. ಅಮ್ಮಾ, ಮಾವ —